ಆದಿ ಸಭೆಯ ಜಗಳಗಳನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಆದಿ ಕ್ರೈಸ್ತ ಸಭೆಯ, ಅಂದರೆ ಯೇಸುವಿನ ನಂತರದ ಮೊದಲ ಕ್ರೈಸ್ತ ಸಮುದಾಯದ, ಬಗ್ಗೆ ಬಂದ ಲೇಖನ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಯೆಹೂದಿ, ಗ್ರೀಕ, ಒಡೆಯ, ಆಳು, ಗಂಡು, ಹೆಣ್ಣು ಎಲ್ಲರೂ ಮೊದಲ ದಿನದಿಂದಲೇ ಹಾಲು ಸಕ್ಕರೆಯಂತೆ ಬೆರೆತುಹೋದರು ಅನ್ನುವ ಧಾಟಿ ಒಪ್ಪಿಗೆಯಾಗಲಿಲ್ಲ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲೇ ಬೇರೆ ಕತೆ ಇದೆ. ಅಲ್ಲಿ ಮತ್ತೆ ಮತ್ತೆ ಜಗಳ ಆಗಿರುವುದು ಊಟದ ವಿಷಯಕ್ಕೆ!

ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ನೋಡಿ. ಯೆರೂಸಲೇಮಿನ ಸಭೆಯಲ್ಲಿ ವಿಧವೆಯರಿಗೆ ದಿನಾ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರನ್ನು ಮಾತ್ರ ಬಿಟ್ಟುಬಿಡುತ್ತಿದ್ದಾರೆ ಎಂದು ಗೊಣಗಾಟ ಶುರುವಾಯಿತು. ಹಿರಿಯರು ‘ಸುಮ್ನಿರಿ, ಒಗ್ಗಟ್ಟು ಕೆಡಿಸಬೇಡಿ’ ಅನ್ನಬಹುದಿತ್ತು. ಅನ್ನಲಿಲ್ಲ. ಈ ಕೆಲಸಕ್ಕೆ ಏಳು ಜನರನ್ನು ನೀವೇ ಆರಿಸಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ಕೊನೆಯವನಂತೂ ಹುಟ್ಟಿನಿಂದ ಯೆಹೂದಿಯೂ ಅಲ್ಲ, ಆ ಮತಕ್ಕೆ ಸೇರಿದ, ಸಿರಿಯಾ ಪ್ರಾಂತ್ಯದ ಅಂತಿಯೋಕ್ಯ ಪಟ್ಟಣದವನು. ದೂರು ಹೇಳಿದವರ ಕಡೆಯವರ ಕೈಗೇ ಸೌಟು ಕೊಟ್ಟರು ಅಂತ ನಾನು ಓದಿಕೊಳ್ಳುತ್ತೇನೆ. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಅಂತಿಯೋಕ್ಯದ ಸಭೆಯ ಮುಂದಾಳುಗಳ ಪಟ್ಟಿಯನ್ನು ಲೇಖಕರು ಕೊಟ್ಟಿದ್ದಾರೆ. ಸೈಪ್ರಸ್ಸಿನ ಬಾರ್ನಬ, ಕರಿಯ ಎಂದು ಕರೆಸಿಕೊಳ್ಳುತ್ತಿದ್ದ ಸಿಮೆಯೋನ, ಉತ್ತರ ಆಫ್ರಿಕಾದ ಕುರೇನ್ಯದ ಲೂಕ್ಯ, ಅರಸ ಹೆರೋದನ ಜೊತೆ ಬೆಳೆದ ಮೆನಹೇನ, ತಾರ್ಸದ ಸೌಲ (ಇವನೇ ಪೌಲ). ಒಳ್ಳೆಯ ಪಟ್ಟಿಯೇ. ಆದರೆ ಅದೇ ಊರಿನಲ್ಲಿ ಪಂಕ್ತಿಭೇದವೂ ನಡೆಯಿತಲ್ಲ, ಅದು ಯಾಕೆ ಬಿಟ್ಟುಹೋಯಿತು? ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಂದಾಳು ಯಾಕೋಬನ ಕಡೆಯಿಂದ ಕೆಲವರು ಬಂದದ್ದೇ ತಡ, ಅವರಿಗೆ ಹೆದರಿ ದೂರ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಬಾರ್ನಬ ಕೂಡ. ಪೌಲ ಎಲ್ಲರ ಎದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದನ್ನು ಅವನೇ ಹೇಳಿಕೊಂಡಿದ್ದಾನೆ. ‘ಯೆಹೂದ್ಯನೆಂದೂ ಗ್ರೀಕನೆಂದೂ ಇಲ್ಲ’ ಅನ್ನುವ ಮಾತು ಬರುವುದೂ ಅದೇ ಪತ್ರದಲ್ಲಿ, ಈ ಜಗಳದ ನಂತರ. ಆ ಒಂದು ಸಾಲನ್ನು ಮಾತ್ರ ಎತ್ತಿಕೊಂಡು ಜಗಳವನ್ನು ಬಿಟ್ಟರೆ ಅದು ಗೋಡೆಗೆ ತೂಗುಹಾಕುವ ಸುಭಾಷಿತ ಆಗಿಬಿಡುತ್ತದೆ, ಅಲ್ವಾ?

ಗ್ರೀಸಿನ ಕೊರಿಂಥ ಪಟ್ಟಣದಲ್ಲೂ ಇದೇ ಗೋಳು. ಸಭೆ ಸೇರುತ್ತಿದ್ದುದು ಮನೆಗಳಲ್ಲಿ. ಉಳ್ಳವರು ತಮ್ಮ ಊಟ ತಾವು ಮೊದಲೇ ಮುಗಿಸುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಉಣ್ಣುವುದಕ್ಕೆ ನಿಮಗೆ ಮನೆ ಇಲ್ಲವೇ ಎಂದು ಪೌಲ ಗದರಿಸಿದ.

ಹೆಂಗಸರ ಬಗ್ಗೆ ಲೇಖನದಲ್ಲಿ ಎರಡೇ ವಾಕ್ಯ ಇದೆ. ಕೊರಿಂಥದ ಬಂದರು ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಪೌಲ ಹೆಸರು ಹೇಳಿ ಹೊಗಳಿದ್ದಾನೆ, ತನಗೂ ಆಸರೆಯಾದವಳು ಎಂದಿದ್ದಾನೆ. ಹೊರಗಿನವರ ಸಾಕ್ಷಿಯೂ ಇದೆ. ಸುಮಾರು ಕ್ರಿ.ಶ. 112ರಲ್ಲಿ ಈಗಿನ ತುರ್ಕಿಯ ಬಿಥೂನ್ಯದಲ್ಲಿ ರೋಮನ್ ರಾಜ್ಯಪಾಲನಾಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜಾನನಿಗೆ ಒಂದು ಪತ್ರ ಬರೆದ. ಕ್ರೈಸ್ತರ ಗುಟ್ಟು ತಿಳಿಯಲು ಇಬ್ಬರು ಗುಲಾಮ ಹೆಂಗಸರಿಗೆ ಚಿತ್ರಹಿಂಸೆ ಕೊಡಿಸಿದೆ, ಅವರನ್ನು ಸಭೆಯ ಸೇವಕಿಯರು ಅನ್ನುತ್ತಾರೆ ಎಂದು ಅದರಲ್ಲಿದೆ. ಅವರ ಹೆಸರನ್ನು ಅವನು ಬರೆಯಲಿಲ್ಲ. ಊರಿನ ಲೆಕ್ಕದಲ್ಲಿ ಆಳುಗಳು, ಸಭೆಯಲ್ಲಿ ಹೊಣೆ ಹೊತ್ತವರು.

ಹಾಗಂತ ಆ ಸಭೆ ಗುಲಾಮಗಿರಿಯನ್ನು ತೆಗೆದುಹಾಕಲಿಲ್ಲ. ಗುಲಾಮ ಒನೇಸಿಮನನ್ನು ಪೌಲ ಅವನ ಒಡೆಯ ಫಿಲೆಮೋನನ ಹತ್ತಿರವೇ ವಾಪಸ್ ಕಳಿಸಿದ. ದಾಸನೆಂದಲ್ಲ, ಪ್ರಿಯ ಸಹೋದರನೆಂದು ಸೇರಿಸಿಕೋ ಎಂದು ಕೇಳಿಕೊಂಡ, ನಿಜ. ಆದರೂ ಕಳಿಸಿದ. ಹೆಂಗಸರು ಉಪದೇಶ ಮಾಡಕೂಡದು ಅನ್ನುವ ಮಾತೂ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಇವನ್ನು ಮುಚ್ಚಿಡುವ ಅಗತ್ಯ ಏನಿದೆ?

ಲೇಖನದ ಎರಡನೇ ಕಂತು ಬರಲಿದೆ ಎಂದು ಪುರವಣಿಯಲ್ಲಿ ಹಾಕಿದ್ದೀರಿ. ಅದರಲ್ಲಿ ಆ ವಿಧವೆಯರ ದೂರಿಗೂ ಪ್ಲಿನಿಯ ಪತ್ರದ ಇಬ್ಬರು ಹೆಂಗಸರಿಗೂ ಲೇಖಕರು ಜಾಗ ಕೊಡಲಿ ಎಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಮಂಗಳೂರು