ಭಾನುವಾರದ ಚಿತ್ರಕ್ಕೆ ಮುನ್ನ: ಟೊಟೊ ಬಗ್ಗೆ

ಗುಂಪಿನ ಸದಸ್ಯರ ಗಮನಕ್ಕೆ,

ಈ ಭಾನುವಾರ ಸಂಜೆ ನಾವು ನೋಡಲಿರುವುದು ಮಾರಿಯೊ ಮೊನಿಚೆಲ್ಲಿ ನಿರ್ದೇಶನದ 1958ರ ‘ಇ ಸೊಲಿತಿ ಇನ್ಯೋತಿ’ ಚಿತ್ರವಾದ್ದರಿಂದ, ಅದರಲ್ಲಿ ಸಣ್ಣ ಪಾತ್ರ ಮಾಡಿಯೂ ನೆನಪಿನಲ್ಲಿ ಉಳಿಯುವ ಇಟಲಿಯ ಹಾಸ್ಯನಟ ಟೊಟೊ ಅವರ ಬಗ್ಗೆ ಒಂದಿಷ್ಟು ತಿಳಿಸುತ್ತಿದ್ದೇನೆ.

1898ರಲ್ಲಿ ನೇಪಲ್ಸ್‌ನ ಸಾನಿತಾ ಎಂಬ ಬಡಕೇರಿಯಲ್ಲಿ ಮದುವೆಯಾಗದ ತಾಯಿಗೆ ಹುಟ್ಟಿದ ಇವರನ್ನು ತಂದೆ ಬಹುಕಾಲ ಮಗನೆಂದು ಒಪ್ಪಿರಲಿಲ್ಲ. ಆ ಕೊರಗಿನಿಂದಲೋ ಏನೋ, 1933ರಲ್ಲಿ ಕುಲೀನ ಮನೆತನವೊಂದಕ್ಕೆ ದತ್ತು ಹೋಗಿ, ಮುಂದೆ ಬೈಜಾಂಟಿಯಮ್ (ಹಳೆಯ ಪೂರ್ವ ರೋಮನ್ ಸಾಮ್ರಾಜ್ಯ) ರಾಜವಂಶದ ಬಿರುದುಗಳಿಗೆ ನ್ಯಾಯಾಲಯದ ಮನ್ನಣೆಯನ್ನೂ ಪಡೆದರು. ತೆರೆಯ ಮೇಲೆ ಮಾತ್ರ ಸದಾ ಹಸಿದ ಹೊಟ್ಟೆಯ ಕಿಲಾಡಿ! ಬಾಲ್ಯದಲ್ಲಿ ಬಿದ್ದ ಏಟಿನಿಂದ ಸೊಟ್ಟಗಾದ ಮುಖವನ್ನೇ ಬಂಡವಾಳ ಮಾಡಿಕೊಂಡು, ಕೈಕಾಲು ಕತ್ತುಗಳನ್ನು ಸೂತ್ರದ ಬೊಂಬೆಯಂತೆ ಆಡಿಸುತ್ತಾ ರಂಗದಲ್ಲಿ ಹೆಸರು ಮಾಡಿದ ಅವರು 1937ರಿಂದ ನೂರರ ಹತ್ತಿರ ಚಿತ್ರಗಳಲ್ಲಿ ನಟಿಸಿದರು.

ಭಾನುವಾರದ ಚಿತ್ರದಲ್ಲಿ ನಿವೃತ್ತ ಕಳ್ಳನಾಗಿ ಅವರು ತಾರಸಿಯ ಮೇಲೆ ತಿಜೋರಿ ಒಡೆಯುವ ಪಾಠ ಹೇಳುವ ದೃಶ್ಯವನ್ನು ದಯವಿಟ್ಟು ಗಮನವಿಟ್ಟು ನೋಡಿ: ಪ್ರೊಫೆಸರರ ಗತ್ತಿನಲ್ಲಿ ನಿಂತಿರುವ ಆ ಮನುಷ್ಯನಿಗೆ ಹಿಂದಿನ ವರ್ಷವಷ್ಟೇ ಪಲೆರ್ಮೊದಲ್ಲಿ ನಾಟಕದ ನಡುವೆಯೇ ಕಣ್ಣು ಬಹುತೇಕ ಹೋಗಿತ್ತು.

ವಿಮರ್ಶಕರು ಅವರನ್ನು ಹಗುರವಾಗಿಯೇ ಕಂಡರು. ಕೊನೆಗೆ 1966ರಲ್ಲಿ ನಿರ್ದೇಶಕ ಪಸೋಲಿನಿಯವರ ಚಿತ್ರದ ನಟನೆಗೆ ಕಾನ್ ಚಿತ್ರೋತ್ಸವದ ವಿಶೇಷ ಮನ್ನಣೆ ಬಂತು, ಮರುವರ್ಷವೇ ಅವರು ತೀರಿಕೊಂಡರು. ರೋಮ್‌ನ ಅಂತ್ಯಕ್ರಿಯೆ ಸಾಲದೆಂದು ನೇಪಲ್ಸ್‌ನಲ್ಲೊಮ್ಮೆ, ಕೊನೆಗೆ ಹುಟ್ಟಿದ ಕೇರಿಯಲ್ಲಿ ಬರಿಯ ಖಾಲಿ ಶವಪೆಟ್ಟಿಗೆಯಿಟ್ಟು ಮತ್ತೊಮ್ಮೆ ಅವರನ್ನು ಬೀಳ್ಕೊಟ್ಟರು.