ಒಂಟಿ ಕುರ್ಚಿಯ ಬೆಟ್ಟಕ್ಕೆ ವಂದನೆಗಳು

ಅಮೆರಿಕದ ವರ್ಮಾಂಟ್ ರಾಜ್ಯದ ಫೇಸ್ಟನ್ ಊರಿನಲ್ಲಿ ಮ್ಯಾಡ್ ರಿವರ್ ಗ್ಲೆನ್ ಎಂಬ ಸ್ಕೀ ತಾಣವಿದೆ; ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟವೇ ಸ್ಕೀ. ಅದನ್ನು ನಡೆಸುವ ಸಹಕಾರಿ ಸಂಘದಲ್ಲಿ ಷೇರುದಾರರ ಕಚೇರಿಯ ವ್ಯವಸ್ಥಾಪಕನಾಗಿ ವಹಿಸಿಕೊಂಡಿದ್ದ ಹೊಣೆಯನ್ನು ಈ ಚಳಿಗಾಲದ ಕೊನೆಗೆ ಬಿಟ್ಟುಕೊಟ್ಟಿದ್ದೇನೆ. ಅಲ್ಲಿಯವರಿಗೆ ಅವರ ಭಾಷೆಯಲ್ಲಿ ಕೃತಜ್ಞತೆ ಹೇಳಿದ್ದಾಗಿದೆ. ಆದರೆ ಇಷ್ಟು ಕಾಲ ನನಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟ ಬೆಟ್ಟದ ವಿಷಯವನ್ನು ನನ್ನ ಭಾಷೆಯ ಜನರ ಮುಂದೆ ಹೇಳದಿದ್ದರೆ ಋಣಸಂದಾಯ ಅರ್ಧಕ್ಕೇ ನಿಂತಂತಾಗುತ್ತದೆ.

ಮೊದಲ ವಂದನೆ ಆ ಬೆಟ್ಟವನ್ನು ಉಳಿಸಿಕೊಂಡವರಿಗೆ. ರೋಲಂಡ್ ಪಾಮೆಡೋ ಅವರ ಮುಂದಾಳುತನದಲ್ಲಿ 1948ರಲ್ಲಿ ಆರಂಭವಾದ ಈ ತಾಣ ಮುಂದೆ ಬೆಟ್ಸಿ ಪ್ರ್ಯಾಟ್ ಅವರ ಒಡೆತನಕ್ಕೆ ಬಂದಿತು. 1995ರಲ್ಲಿ ಅವರು ಅದನ್ನು ಯಾವ ದೊಡ್ಡ ಕಂಪನಿಗೂ ಕೊಡದೆ, ಅಲ್ಲಿ ಸ್ಕೀ ಮಾಡುವ ಜನರೇ ಕಟ್ಟಿಕೊಂಡ ಸಹಕಾರಿ ಸಂಘಕ್ಕೆ ಮಾರಿದರು. ನಾನು ಗದಗ ಸೀಮೆಯವನು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಮಾತನ್ನು ಹಿರಿಯರಿಂದ ಕೇಳುತ್ತಲೇ ಬೆಳೆದ ನನಗೆ, ಹಿಮದ ನಾಡಿನಲ್ಲೂ ಷೇರು ಪುಸ್ತಕ, ಆಡಳಿತ ಮಂಡಳಿ, ವಾರ್ಷಿಕ ಸಭೆಗಳನ್ನು ಕಂಡಾಗ ಪರಸ್ಥಳಕ್ಕೆ ಬಂದೆನೆಂಬ ಅಳುಕು ಬಹುಮಟ್ಟಿಗೆ ಕಳೆಯಿತು.

ಈ ಸದಸ್ಯರ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಅವರ ಒಂಟಿ ಕುರ್ಚಿಯ ಲಿಫ್ಟ್. ತಂತಿಹಗ್ಗಕ್ಕೆ ತೂಗಿಬಿಟ್ಟ ಒಂದೊಂದು ಕುರ್ಚಿಯಲ್ಲಿ ಒಬ್ಬರನ್ನೇ ಬೆಟ್ಟದ ಮೇಲಕ್ಕೊಯ್ಯುವ ಆ ಹಳೆಯ ಲಿಫ್ಟ್ ಸವೆದಾಗ, ಅದರ ಜಾಗದಲ್ಲಿ ಹೆಚ್ಚು ಜನರನ್ನು ಹೊರುವ ಹೊಸದನ್ನು ಹಾಕಿ ಆದಾಯ ಏರಿಸಿಕೊಳ್ಳುವ ದಾರಿ ತೆರೆದೇ ಇತ್ತು. ಸದಸ್ಯರು ಹಾಗೆ ಮಾಡಲಿಲ್ಲ. ದೇಣಿಗೆ ಕೂಡಿಸಿ 2007ರಲ್ಲಿ ಅದನ್ನೇ ಜೀರ್ಣೋದ್ಧಾರ ಮಾಡಿದರು. ಶಿಖರಕ್ಕೆ ಹೋಗುವವರು ಕಡಿಮೆಯಿದ್ದರೆ ಇಳಿಜಾರಿನಲ್ಲಿ ನೂಕುನುಗ್ಗಲಿರುವುದಿಲ್ಲ, ಮುಗಿಲಿನಿಂದ ಬಿದ್ದ ಹಿಮವೂ ಹೆಚ್ಚು ದಿನ ಬಾಳುತ್ತದೆ. ಯಂತ್ರದಿಂದ ಹಿಮ ತಯಾರಿಸುವುದು ತೀರ ಕಡಿಮೆಯಿರುವ ಆ ಬೆಟ್ಟಕ್ಕೆ ಇದು ಸಣ್ಣ ಮಾತಲ್ಲ. ಬರುವ ಹಣವನ್ನು ಅರಿತೇ ಬಿಟ್ಟುಕೊಟ್ಟ ಒಡೆಯರ ಕೈಕೆಳಗೆ ದುಡಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಆಕಾಶವನ್ನೇ ನಂಬಿದವರ ಕಷ್ಟವೂ ಅಲ್ಲಿತ್ತು. ನಡುಚಳಿಗಾಲದಲ್ಲಿ ಬೆಚ್ಚನೆಯ ಗಾಳಿಯೊಡನೆ ಮಳೆ ಸುರಿದು ವಾರಗಟ್ಟಲೆ ಕೂಡಿದ್ದ ಹಿಮ ಕರಗಿಹೋದಾಗ, ಲಿಫ್ಟ್ ನಿಲ್ಲಿಸಿದ ಸುದ್ದಿಯನ್ನು ಸದಸ್ಯರಿಗೆ ತಿಳಿಸುವ ಕೆಲಸ ನನ್ನದಾಗಿತ್ತು. ಮಳೆ ತಪ್ಪಿದ ವರ್ಷ ಒಕ್ಕಲಿಗರು ಒಬ್ಬರನ್ನೊಬ್ಬರು ಕೇಳುವ ಹಾಗೆಯೇ ಅವರೂ ಮೊದಲು ನಮ್ಮ ಕ್ಷೇಮವನ್ನೇ ಕೇಳುತ್ತಿದ್ದರು. ಕೆಲಸವಿಲ್ಲದ ದಿನಗಳಲ್ಲಿ ಲಿಫ್ಟ್ ನಡೆಸುವ ಹುಡುಗರ ಸಂಬಳಕ್ಕೇನು ಮಾಡುತ್ತೀರಿ ಎಂದು ವಿಚಾರಿಸಿದವರನ್ನು ನಾನು ಮರೆಯಲಾರೆ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ದೇಶದ ಸ್ಕೀ ತಾಣಗಳೆಲ್ಲ ಮುಚ್ಚಿದಾಗಲೂ, ಮುಂದಿನ ಚಳಿಗಾಲದಲ್ಲಿ ಹೊರರಾಜ್ಯದವರ ಬರವಿಗೆ ನಿರ್ಬಂಧಗಳಿದ್ದಾಗಲೂ ಸಂಘವನ್ನು ಹಿಡಿದು ನಿಲ್ಲಿಸಿದ್ದು ಇದೇ ವಿಶ್ವಾಸ. ಒಬ್ಬರೇ ಕೂರುವ ಕುರ್ಚಿ ಆ ವರ್ಷ ಎಲ್ಲರಿಗೂ ಧೈರ್ಯ ಕೊಟ್ಟಿತು.

ಬೆಳಕು ಹರಿಯುವ ಮುನ್ನ ಲಿಫ್ಟಿನ ಬುಡದಲ್ಲಿ ಹಿಮ ಗೋರುತ್ತಿದ್ದವರಿಗೆ, ಗಾಯಗೊಂಡವರನ್ನು ಕಡಿದಾದ ಕಾಡಿನ ದಾರಿಯಲ್ಲಿ ಜೋಪಾನವಾಗಿ ಇಳಿಸಿ ತರುತ್ತಿದ್ದ ಸ್ಕೀ ಗಸ್ತಿನವರಿಗೆ, ನನಗಾಗಿ ಮಾಂಸವಿಲ್ಲದ ಸಾರನ್ನು ಬೇರೆಯಾಗಿ ತೆಗೆದಿಡುತ್ತಿದ್ದ ಅಡುಗೆಮನೆಯವರಿಗೆ, ಮಂಜಿನ ರಸ್ತೆಯಲ್ಲಿ ನಾನು ತಡವಾಗಿ ಮನೆ ಸೇರುವುದನ್ನು ಸಹಿಸಿದ ನನ್ನ ಮನೆಯವರಿಗೆ ನಾನು ಚಿರಋಣಿ.

ನನ್ನ ಸ್ಥಾನಕ್ಕೆ ಬರುವವರನ್ನೂ ಸದಸ್ಯರು ಇದೇ ಅಕ್ಕರೆಯಿಂದ ನಡೆಸಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ನನ್ನ ಹೆಸರಿನಲ್ಲಿರುವ ಒಂದು ಷೇರನ್ನು ಮಾತ್ರ ಹಿಂದಿರುಗಿಸುತ್ತಿಲ್ಲ. ಮುಂದಿನ ವಾರ್ಷಿಕ ಸಭೆಗೆ ಸದಸ್ಯನಾಗಿ ಬಂದು ಮತ ಹಾಕುತ್ತೇನೆ.