ಕೌದಿಗೆ ಹಾಕುವ ಹೊಲಿಗೆ: ತಂಗಿಯ ಮಗಳಿಗೊಂದು ಪತ್ರ

ಕಲಬುರಗಿ

ಚಿರಂಜೀವಿ ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನೀನು ಕಳುಹಿಸಿದ ಫೋಟೋ ನೋಡಿದೆ. ರಿಂಗಿನಲ್ಲಿ ಬಟ್ಟೆಯನ್ನು ಬಿಗಿದು, ಗುಲಾಬಿಯ ದಳಗಳನ್ನು ಸ್ಯಾಟಿನ್ ಹೊಲಿಗೆಯಿಂದ ತುಂಬಿದ್ದೀಯ. ಎಳೆಗಳು ಒತ್ತಾಗಿ ಕುಳಿತಿವೆ. ಅಕ್ಕನ ಕೂಸಿಗೆ ಕೌದಿ ಹೊಲಿದು ಅದರ ತುಂಬ ಇಂಥ ಹೂಗಳನ್ನೇ ತೆಗೆಯುತ್ತೇನೆಂದು ಬರೆದಿರುವೆಯಲ್ಲ, ಅದಕ್ಕಾಗಿಯೇ ಈ ಪತ್ರ. ಆ ಗುಲಾಬಿಯನ್ನು ಕೌದಿಗೆ ಹಾಕಬೇಡ.

ನಾನು ಮದುವೆಯಾದ ಹೊಸದರಲ್ಲಿ ಒಂದು ಕೌದಿಯ ನಡುವೆ ನವಿಲನ್ನು ಇದೇ ಹೊಲಿಗೆಯಲ್ಲಿ ತೆಗೆದಿದ್ದೆ. ಅದರ ಕತ್ತಿನ ಎಳೆಗಳು ಅರ್ಧ ಬೆರಳಿನಷ್ಟು ಉದ್ದ ಇದ್ದವು. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಕಾಲುಂಗುರಕ್ಕೆ ಸಿಕ್ಕಿ, ಒಂದೇ ಚಳಿಗಾಲದಲ್ಲಿ ನವಿಲಿನ ಕತ್ತು ಬಿಚ್ಚಿಹೋಯಿತು. ಹೊದೆಯುವ, ಒಗೆಯುವ, ಕೂಸು ಎಳೆದಾಡುವ ಬಟ್ಟೆಗೆ ಎಳೆ ಮೇಲೆ ತೇಲದೆ ಬಟ್ಟೆಯೊಳಗೆ ಕಚ್ಚಿಕೊಳ್ಳುವ ಹೊಲಿಗೆಯೇ ಬೇಕು. ಕನ್ನಡಿ, ಮಣಿಗಳಂತೂ ಕೂಸಿನ ಕೌದಿಗೆ ಬೇಡವೇ ಬೇಡ. ನಮ್ಮ ಊರಿನ ಸುತ್ತಲಿನ ತಾಂಡಾಗಳ ಲಂಬಾಣಿ ಕೆಲಸ ನನಗೆ ಬಹಳ ಪ್ರಿಯವಾದರೂ ಈ ಮಾತನ್ನು ಹೇಳಲೇಬೇಕು.

ಮೊದಲು ಸಾದಾ ಓಟದ ಹೊಲಿಗೆಯನ್ನೇ ಕೈಗೆ ಹಿಡಿಸಿಕೊ. ಅದು ಸುಲಭವೆಂದು ತಿಳಿಯಬೇಡ. ಎರಡು ಮೂರು ಪದರಗಳ ಹಳೆಯ ಸೀರೆಯನ್ನು ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟುಕೊ. ಆಮೇಲೆ ಎಡಗೈಯನ್ನು ಕೌದಿಯ ಕೆಳಗಿಟ್ಟು, ಸೂಜಿಯ ಮೊನೆ ಬೆರಳಿಗೆ ತಾಕಿದ ಕೂಡಲೇ ಅದನ್ನು ಮೇಲಕ್ಕೆ ತಿರುಗಿಸಬೇಕು; ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಗೆ ಏರಿದ ಮೇಲೆ ಒಮ್ಮೆ ದಾರ ಎಳೆ. ಪ್ರತಿ ಹೊಲಿಗೆಯೂ ಬಿಳಿಜೋಳದ ಕಾಳಿನಷ್ಟಿರಲಿ, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರವಿರಲಿ. ಅವ್ವ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಿದ್ದಳು, ಮತ್ತು ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಕಡೆಯ ಸುತ್ತನ್ನು ಮುಚ್ಚುವ ಮುನ್ನ ಒಂದು ಚೂರು ರೊಟ್ಟಿಯನ್ನು ಒಳಗಿಡುತ್ತಿದ್ದಳು.

ಚಿತ್ರ ಬೇಕೆನಿಸಿದರೆ ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿಯನ್ನು ಕಲಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ನಿನ್ನ ಕೆಲಸಕ್ಕೆ ಗವಂತಿಯೇ ಒಪ್ಪುತ್ತದೆ. ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗಗಳನ್ನೇ ತುಂಬುತ್ತಾ ಬರುವುದರಿಂದ ಎರಡೂ ಬದಿ ಒಂದೇ ತರಹ ಕಾಣುತ್ತವೆ, ಹಿಂದೆ ಸಿಕ್ಕಿಕೊಳ್ಳುವ ಎಳೆಯೂ ಉಳಿಯುವುದಿಲ್ಲ. ನೇಗಿ ನೇಯ್ಗೆಯಂತೆ ಚೆಂದ ಕಾಣುತ್ತದೆ, ಆದರೆ ಅದರ ಉದ್ದ ಎಳೆಗಳು ನನ್ನ ನವಿಲಿನ ಪಾಡನ್ನೇ ಪಡುತ್ತವೆ. ಗವಂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕಬೇಕು. ಇಳಕಲ್ ಸೀರೆಯ ನೂಲು ನಿನ್ನ ಕಣ್ಣಿಗೆ ಈಗಲೇ ಸಿಗಲಾರದು, ಆದ್ದರಿಂದ ಎಳೆಗಳು ದಪ್ಪವಾಗಿದ್ದು ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಮಾಡು. ಆರು ಎಳೆಯ ಕಸೂತಿ ದಾರದಲ್ಲಿ ಎರಡೇ ಎಳೆ ತೆಗೆದುಕೊ, ಒಂದು ಮೊಳಕ್ಕಿಂತ ಉದ್ದ ಪೋಣಿಸಬೇಡ, ಇಲ್ಲವಾದರೆ ಬಟ್ಟೆಯಲ್ಲಿ ಹಾದು ಹಾದು ದಾರ ಸವೆಯುತ್ತದೆ. ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡದೆ ಉಪಯೋಗಿಸಬೇಡ.

ಆ ತುಂಡನ್ನು ಬೇಕಾದ ಅಳತೆಗಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿಕೊ, ಏಕೆಂದರೆ ಹೊಲಿಗೆ ಹಾಕುತ್ತಾ ಬಟ್ಟೆ ಒಳಕ್ಕೆ ಸೆಳೆಯುತ್ತದೆ. ಚಿತ್ರವೆಲ್ಲ ಮುಗಿದ ಮೇಲೆ ಅಂಚು ಮಡಚಿ, ಕಾಜಾ ಹೊಲಿಗೆಯಿಂದ ಕೌದಿಯ ಮೇಲ್ಪದರಕ್ಕೆ ಕೂಡಿಸು. ಪದರಗಳನ್ನು ಜೋಡಿಸುವುದು ಅನಂತರದ ಮಾತು.

ಶರಣಬಸವೇಶ್ವರರ ಜಾತ್ರೆಗೆ ಬರುವಾಗ ಅಂಗೈಯಗಲದ ನಾಲ್ಕು ತುಂಡು ಹೊಲಿದುಕೊಂಡು ಬಾ. ಕೌದಿಗೆ ನಿನ್ನ ಅಜ್ಜಿಯ ಎರಡು ಸೀರೆಗಳನ್ನು ಗಂಜಿ ಹೋಗುವಂತೆ ಒಗೆದು ಇಟ್ಟಿದ್ದೇನೆ. ತುಂಡುಗಳನ್ನು ಹಿಂಬದಿ ಮೇಲಾಗಿ ಮಡಚಿಟ್ಟುಕೊ, ನಾನು ಮೊದಲು ನೋಡುವುದು ಅದನ್ನೇ.

ಇತಿ,
ನಿನ್ನ ದೊಡ್ಡವ್ವ